ಪರ್ಸನಲ್ ಟ್ರೇನರ್‌ಗೆ ದುಡ್ಡು ಕೊಡಬೇಕಾ, ಬೇಡವಾ? ಪದೇ ಪದೇ ಕೇಳುವ ಪ್ರಶ್ನೆಗಳು

ಜಿಮ್‌ಗೆ ಸೇರಿದ ವಾರದೊಳಗೆ ಯಾರಾದರೂ ಬಂದು "ಪಿಟಿ ತಗೊಳ್ಳಿ, ಬೇಗ ರಿಸಲ್ಟ್ ಬರುತ್ತೆ" ಅನ್ನುತ್ತಾರೆ. ಪಿಟಿ ಅಂದರೆ ಪರ್ಸನಲ್ ಟ್ರೇನಿಂಗ್. ಜಿಮ್ ಫೀಸು ಬೇರೆ, ಇದಕ್ಕೆ ಕಟ್ಟುವ ಹಣ ಬೇರೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಪಿಟಿ ಬೇಕಿರುವುದು ಕಲಿಯುವಷ್ಟು ದಿನ. ಆ ದಿನಗಳಲ್ಲಿ ನೀವು ಎಷ್ಟು ವೇಟ್ ಎಷ್ಟು ಸಲ ಎತ್ತಿದಿರಿ ಎಂಬ ಲೆಕ್ಕವನ್ನು ಟ್ರೇನರ್ ಬರೆದಿಡುತ್ತಿದ್ದರೆ ಕೊಟ್ಟ ದುಡ್ಡಿಗೆ ಬೆಲೆ ಇದೆ. ಪಕ್ಕದಲ್ಲಿ ನಿಂತು "ಇನ್ನೊಂದು, ಇನ್ನೊಂದು" ಎಂದು ಎಣಿಸುವುದಷ್ಟೇ ಕೆಲಸವಾದರೆ ಬೆಲೆ ಇಲ್ಲ.

ಜಿಮ್‌ನಲ್ಲಿ ಹೇಗೂ ಫ್ಲೋರ್ ಟ್ರೇನರ್ ಇದ್ದಾರಲ್ಲ, ಮತ್ತೆ ಪಿಟಿ ಯಾಕೆ?

ಸಂಜೆ ಆರೂವರೆಯಿಂದ ಎಂಟೂವರೆವರೆಗಿನ ನೂಕುನುಗ್ಗಲಲ್ಲಿ ಒಬ್ಬ ಫ್ಲೋರ್ ಟ್ರೇನರ್ ಮೂವತ್ತು ಜನರನ್ನು ನೋಡಬೇಕಾಗುತ್ತದೆ. ಯಂತ್ರದ ಸೀಟು ಹೇಗೆ ಹೊಂದಿಸಬೇಕು, ಇವತ್ತು ಯಾವ ವ್ಯಾಯಾಮ ಎಂದು ಹೇಳುತ್ತಾರೆ. ನಿಮ್ಮ ಐದನೇ ರೆಪ್‌ನಲ್ಲಿ (ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್) ಬೆನ್ನು ಬಾಗಿದ್ದನ್ನು ನೋಡಲು ಅವರಿಗೆ ಪುರಸೊತ್ತಿರುವುದಿಲ್ಲ. ಇದೇ ಟ್ರೇನರ್ ಬೆಳಿಗ್ಗೆ ಹತ್ತರಿಂದ ಹನ್ನೆರಡರ ಮಧ್ಯೆ ಬಹುಪಾಲು ಬಿಡುವಾಗಿರುತ್ತಾರೆ. ಆ ಹೊತ್ತಿನಲ್ಲಿ ಹೋಗಲು ಸಾಧ್ಯವಿರುವವರು ಎರಡು ವಾರ ಆಗ ಹೋಗಿ, ಒಂದೊಂದೇ ವ್ಯಾಯಾಮ ಕೇಳಿ ಕಲಿಯಲಿ. ಅರ್ಧ ಪಿಟಿ ಹಾಗೆಯೇ ಸಿಕ್ಕಿಬಿಡುತ್ತದೆ.

ಹಾಗಾದರೆ ಪಿಟಿ ನಿಜವಾಗಿ ಯಾರಿಗೆ ಬೇಕು?

ಹಿಂದೆಂದೂ ಭಾರ ಎತ್ತದೆ, ಈಗ ಸ್ಕ್ವಾಟ್ (ಭಾರ ಹೊತ್ತು ಕೂತು ಏಳುವುದು), ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನಿಲ್ಲುವುದು) ಮುಂತಾದ ಬಾರ್‌ನ, ಅಂದರೆ ಎರಡೂ ತುದಿಗೆ ಪ್ಲೇಟ್ ಹಾಕುವ ಕಬ್ಬಿಣದ ಸರಳಿನ, ವ್ಯಾಯಾಮ ಕಲಿಯಬೇಕೆನ್ನುವವರಿಗೆ. ಮಂಡಿ, ಭುಜ, ಸೊಂಟಕ್ಕೆ ಪೆಟ್ಟಾಗಿ ಫಿಸಿಯೋಥೆರಪಿ ಮುಗಿಸಿ ಬಂದವರಿಗೆ. ಅರವತ್ತು ದಾಟಿ, ಬಿದ್ದುಬಿಡುವ ಭಯ ಇರುವವರಿಗೆ. ವರ್ಷದಿಂದ ಅದೇ ಹತ್ತು ಕೆಜಿ ಡಂಬಲ್ ಎತ್ತುತ್ತಾ, ಯಾಕೆ ಮುಂದೆ ಹೋಗುತ್ತಿಲ್ಲ ಎಂದು ಗೊತ್ತಾಗದವರಿಗೆ.

ದಿನಾ ವಾಕಿಂಗ್ ಮಾಡಬೇಕು, ಸ್ವಲ್ಪ ತೂಕ ಇಳಿಸಬೇಕು ಅನ್ನುವುದಷ್ಟೇ ಆಸೆಯಾದರೆ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ, ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಮೊದಲನೆಯದಕ್ಕೆ ಒಂದು ಜೊತೆ ಶೂ ಸಾಕು. ಟ್ರೇನರ್ ಉಪಯೋಗಕ್ಕೆ ಬರುವುದು ಎರಡನೆಯದಕ್ಕೆ.

"ಯಾರಾದರೂ ಕಾಯ್ತಾ ಇದ್ದರೆ ಮಾತ್ರ ನಾನು ಹೋಗ್ತೀನಿ" ಅನ್ನುವವರೂ ಇದ್ದಾರೆ. ಅದು ನ್ಯಾಯವಾದ ಕಾರಣವೇ. ಆದರೆ ಆ ಕೆಲಸವನ್ನು ಒಬ್ಬ ಸ್ನೇಹಿತ ಪುಕ್ಕಟೆಯಾಗಿ ಮಾಡಬಲ್ಲ; ಮೊದಲು ಅದನ್ನು ನೋಡಿ.

ಖರ್ಚಿನ ಲೆಕ್ಕ ಹೇಗೆ ಹಾಕಬೇಕು?

ಏರಿಯಾದಿಂದ ಏರಿಯಾಕ್ಕೆ, ಊರಿಂದ ಊರಿಗೆ ದರ ಬಹಳ ಬೇರೆಯಾಗುತ್ತದೆ. ಹಾಗಾಗಿ ತಿಂಗಳ ದರ ಬಿಟ್ಟು ಒಂದು ಸೆಷನ್ನಿನ ದರ ನೋಡಿ. ಉದಾಹರಣೆಗೆ 12 ಸೆಷನ್‌ಗೆ 12,000 ರೂಪಾಯಿ ಕೇಳಿದರೆ ಸೆಷನ್‌ಗೆ 1,000. ಆದರೆ ತಿಂಗಳಲ್ಲಿ ಊರಿಗೆ ಹೋಗುವುದು, ಮದುವೆ, ಜ್ವರ ಎಲ್ಲ ಸೇರಿ ನೀವು ಹೋಗುವುದು ಎಂಟೇ ಸಲ, ತಪ್ಪಿದ್ದನ್ನು ಮುಂದಿನ ತಿಂಗಳಿಗೆ ಹಾಕುವುದಿಲ್ಲ ಎಂದಾದರೆ ಅದೇ ಸೆಷನ್ 1,500 ಆಯಿತು. ಪ್ಯಾಕೇಜ್‌ನ ಗಡುವು ತಿಂಗಳಿನ ಮೇಲೋ, ಸೆಷನ್ ಸಂಖ್ಯೆಯ ಮೇಲೋ ಎಂದು ಕೇಳಿ. ಸಂಖ್ಯೆಯ ಮೇಲಿದ್ದರೆ ಒಳ್ಳೆಯದು.

ಕಾಯಂ ಇಟ್ಟುಕೊಂಡರೆ ಈ ದರದಲ್ಲಿ ವರ್ಷಕ್ಕೆ 1,44,000 ರೂಪಾಯಿ. ಅದರ ಬದಲು ಮೊದಲ 12 ವಾರ, ವಾರಕ್ಕೆ ಎರಡರಂತೆ 24 ಸೆಷನ್. ಉಳಿದ ಒಂಬತ್ತು ತಿಂಗಳು ತಿಂಗಳಿಗೊಂದು ಸೆಷನ್. ಒಟ್ಟು 33 ಸೆಷನ್, 33,000 ರೂಪಾಯಿ. ಹೆಚ್ಚಿನವರಿಗೆ ಸಾಕಾಗುವುದು ಇದು. ತಿಂಗಳಿಗೊಂದು ಸೆಷನ್ ಕೊಡುವುದಿಲ್ಲ ಎಂದು ಜಿಮ್ ಹೇಳಬಹುದು. ಕೇಳಿ ನೋಡಿ, ಬಿಡಿ ಸೆಷನ್ ಕೊಡುವ ಟ್ರೇನರ್‌ಗಳಿದ್ದಾರೆ.

ಬಿಲ್‌ನಲ್ಲಿ ಜಿಎಸ್‌ಟಿ ನೋಡಿ. ಜಿಮ್ ಸೇವೆಯ ಮೇಲಿದ್ದ 18% ತೆರಿಗೆ 2025ರ ಸೆಪ್ಟೆಂಬರ್ 22ರಿಂದ 5%ಗೆ ಇಳಿದಿದೆ. ಜಿಎಸ್‌ಟಿ ಹಾಕಿದವರು ಬಿಲ್ಲಿನ ಮೇಲೆ 15 ಅಕ್ಷರ-ಅಂಕಿಗಳ ಜಿಎಸ್‌ಟಿ ಸಂಖ್ಯೆ ಹಾಕಲೇಬೇಕು.

ಒಂದು ಮಾತು ಇಲ್ಲೇ ಹೇಳಬೇಕು. ನೀವು ಜಿಮ್‌ಗೆ ಕಟ್ಟಿದ ಪಿಟಿ ಹಣ ಪೂರ್ತಿಯಾಗಿ ಟ್ರೇನರ್ ಕೈಗೆ ಹೋಗುವುದಿಲ್ಲ, ಜಿಮ್ ತನ್ನ ಪಾಲು ಹಿಡಿಯುತ್ತದೆ. ಜೊತೆಗೆ ಅವರಿಗೆ ತಿಂಗಳ ಟಾರ್ಗೆಟ್ ಇರುತ್ತದೆ. "ಆಫರ್ ಇವತ್ತೇ ಕೊನೆ" ಎಂಬ ಒತ್ತಡ ತಿಂಗಳ ಕೊನೆಯ ವಾರದಲ್ಲಿ ಜಾಸ್ತಿಯಾಗುವುದು ಅದಕ್ಕೇ. ಮುಂದಿನ ತಿಂಗಳೂ ಅದೇ ದರ ಸಿಗುತ್ತದೆ, ಅವಸರ ಬೇಡ.

24 ಸೆಷನ್‌ನಲ್ಲಿ ಏನು ಕಲಿಯಬಹುದು?

ಮೊದಲ ಎರಡು ಸೆಷನ್: ಆರೋಗ್ಯದ ವಿವರ, ಹಳೆಯ ಪೆಟ್ಟು, ತೆಗೆದುಕೊಳ್ಳುವ ಮಾತ್ರೆ, ನಿದ್ದೆ, ಕೆಲಸದ ಹೊತ್ತು ಎಲ್ಲ ಕೇಳಿ ಬರೆದುಕೊಳ್ಳಬೇಕು. ಕುರ್ಚಿಯಿಂದ ಕೈ ಊರದೆ ಏಳುವುದು, ಕೈ ತಲೆಯ ಮೇಲೆ ನೇರ ಎತ್ತುವುದು, ಒಂದೇ ಕಾಲಿನ ಮೇಲೆ ನಿಲ್ಲುವುದು, ಇವನ್ನು ನೋಡಬೇಕು.

ಮೂರರಿಂದ ಹತ್ತರವರೆಗೆ: ಐದಾರು ಮೂಲ ಚಲನೆ. ಕೂತು ಏಳುವುದು, ಸೊಂಟದಿಂದ ಬಾಗಿ ಎತ್ತುವುದು, ಮುಂದಕ್ಕೆ ತಳ್ಳುವುದು, ತಲೆಯ ಮೇಲೆ ಎತ್ತುವುದು, ಎಳೆಯುವುದು, ಭಾರ ಹಿಡಿದು ನಡೆಯುವುದು. ಈ ಹಂತದಲ್ಲಿ ವೇಟ್ ಕಡಿಮೆ, ತಿದ್ದುವುದು ಜಾಸ್ತಿ.

ಹನ್ನೊಂದರಿಂದ ಹದಿನೆಂಟು: ವೇಟ್ ಏರಿಸುವುದು. ಇಲ್ಲೇ ಹೆಚ್ಚಿನವರು ಎಡವುವುದು. ಜಿಮ್‌ಗಳಲ್ಲಿ ಡಂಬಲ್ 5 ಕೆಜಿ ಆದ ಮೇಲೆ 7.5 ಕೆಜಿ. ನೋಡಲು ಎರಡೂವರೆ ಕೆಜಿ, ಆದರೆ ಒಂದೇ ಏಟಿಗೆ ಅರ್ಧದಷ್ಟು ಜಾಸ್ತಿ! ಹೀಗಾಗಿ 5 ಕೆಜಿಯಲ್ಲೇ 8 ರೆಪ್‌ನಿಂದ ಶುರುಮಾಡಿ 12, 15ರವರೆಗೆ ಏರಿಸಿ, ಮೂರೂ ಸೆಟ್ (ಬಿಡುವಿಲ್ಲದೆ ಒಟ್ಟಿಗೆ ಮಾಡುವ ರೆಪ್‌ಗಳ ಗುಂಪು ಒಂದು ಸೆಟ್) ಎರಡು ದಿನ ಸಲೀಸಾಗಿ ಬಂದ ಮೇಲೆ 7.5ಕ್ಕೆ ಹೋಗಿ ಮತ್ತೆ 8ರಿಂದ ಶುರುಮಾಡಬೇಕು. ಬಾರ್‌ನಲ್ಲಾದರೆ ಎರಡೂ ಕಡೆ 1.25 ಕೆಜಿಯ ಚಿಕ್ಕ ಪ್ಲೇಟ್ ಹಾಕಿ ಒಟ್ಟು 2.5 ಕೆಜಿ ಏರಿಸಬಹುದು. ನಿಮ್ಮ ಜಿಮ್‌ನಲ್ಲಿ 1.25ರ ಪ್ಲೇಟ್ ಇದೆಯೇ ಎಂದು ಸೇರುವ ಮುಂಚೆಯೇ ನೋಡಿಕೊಳ್ಳಿ.

ಕೊನೆಯ ಆರು ಸೆಷನ್: ನೀವೇ ಮಾಡಬೇಕು, ಟ್ರೇನರ್ ಸುಮ್ಮನೆ ನೋಡಬೇಕು. ಇವತ್ತು ಎಷ್ಟು ವೇಟ್, ಎಷ್ಟು ಹೊತ್ತು ಬಿಡುವು, ಯಂತ್ರ ಖಾಲಿ ಇಲ್ಲದಿದ್ದರೆ ಬದಲಿಗೆ ಏನು, ಎಲ್ಲ ನಿಮ್ಮದೇ ನಿರ್ಧಾರ. ಹೀಗೆ ಬಿಟ್ಟುಕೊಡಲು ಒಪ್ಪುತ್ತೀರಾ ಎಂದು ಮೊದಲ ದಿನವೇ ಕೇಳಿ. ಒಪ್ಪುವವರು ಕಲಿಸುವವರು.

ಟ್ರಯಲ್ ಸೆಷನ್‌ನಲ್ಲಿ ಏನು ನೋಡಬೇಕು?

ಸ್ಕ್ವಾಟ್ ಕಲಿಸಿ ಅನ್ನಿ. ಹೆಗಲ ಮೇಲೆ ಬಾರ್ ಇಡುವ ಮುಂಚೆ ಭಾರವಿಲ್ಲದೆ ಮಾಡಿಸುತ್ತಾರಾ? ಪಕ್ಕದಿಂದಲೂ ಮುಂದಿನಿಂದಲೂ ನೋಡುತ್ತಾರಾ? ಕೆಳಗೆ ಹೋಗುವಾಗ ನಿಮ್ಮ ಹಿಮ್ಮಡಿ ಎದ್ದರೆ, ಹಿಮ್ಮಡಿಯ ಕೆಳಗೆ ಸಣ್ಣ ಪ್ಲೇಟ್ ಇಟ್ಟು ಸದ್ಯಕ್ಕೆ ಸರಿಮಾಡಿ, ಕಣಕಾಲು ಸಡಿಲವಾಗಲು ಬೇರೆ ವ್ಯಾಯಾಮ ಕೊಡುತ್ತಾರಾ? ಮಂಡಿ ಒಳಗೆ ವಾಲಿದರೆ ವೇಟ್ ಇಳಿಸುತ್ತಾರಾ, ಇಲ್ಲಾ "ಪುಶ್, ಪುಶ್" ಅನ್ನುತ್ತಾರಾ? ತೀರಾ ಕೆಳಗೆ ಹೋದಾಗ ಸೊಂಟ ಒಳಕ್ಕೆ ಸುತ್ತಿಕೊಂಡು ಕೆಳಬೆನ್ನು ಬಾಗಿದರೆ, ಹಿಂದೆ ಒಂದು ಬೆಂಚ್ ಇಟ್ಟು ಅದಕ್ಕೆ ತಾಗುವಷ್ಟೇ ಕೂರಿಸಬೇಕು.

ಡೆಡ್‌ಲಿಫ್ಟ್ ಇನ್ನೂ ಒಳ್ಳೆಯ ಪರೀಕ್ಷೆ. ಸ್ಪರ್ಧೆಗೆ ಬಳಸುವ 20 ಕೆಜಿ ಪ್ಲೇಟ್‌ನ ವ್ಯಾಸ 45 ಸೆಂಟಿಮೀಟರ್, ಅದನ್ನು ಹಾಕಿದಾಗ ಬಾರ್ ನೆಲದಿಂದ 22.5 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಹೊಸಬರಿಗೆ 5 ಕೆಜಿಯ ಪುಟ್ಟ ಪ್ಲೇಟ್ ಹಾಕಿದರೆ ಬಾರ್ ನೆಲಕ್ಕೇ ಹತ್ತಿರವಾಗುತ್ತದೆ. ಅಷ್ಟು ಕೆಳಗೆ ಬಗ್ಗಿದಾಗ ಬೆನ್ನು ಗೂನಾಗುತ್ತದೆ, ಮರುದಿನ ಸೊಂಟ ಹಿಡಿದುಕೊಳ್ಳುತ್ತದೆ. ತಿಳಿದ ಟ್ರೇನರ್ ಬಾರ್‌ನ ಎರಡೂ ತುದಿಯ ಕೆಳಗೆ ಸ್ಟೆಪ್ಪರ್ (ಹತ್ತಿ ಇಳಿಯುವ ಮಣೆ) ಅಥವಾ ದಪ್ಪ ಪ್ಲೇಟ್ ಪೇರಿಸಿ ಎತ್ತರ ಸರಿಮಾಡಿಕೊಂಡೇ ಶುರುಮಾಡುತ್ತಾರೆ. ಈ ಒಂದು ಕೆಲಸ ನೋಡಿದರೆ ಸಾಕು, ಅವರಿಗೆ ವಿಷಯ ಗೊತ್ತಿದೆಯೋ ಇಲ್ಲವೋ ತಿಳಿಯುತ್ತದೆ.

ಆಮೇಲೆ ಅವರ ಮೊಬೈಲ್ ಎಲ್ಲಿದೆ ನೋಡಿ. ನಿಮ್ಮ ಸೆಟ್ ನಡೆಯುವಾಗ ಕಣ್ಣು ಮೊಬೈಲ್ ಮೇಲಿದ್ದರೆ ಬೇರೆಯವರನ್ನು ಹುಡುಕಿ. ಸೆಟ್ ಮುಗಿದ ಮೇಲೆ ಅದೇ ಮೊಬೈಲ್‌ನಲ್ಲಿ ನಿಮ್ಮ ವೇಟ್, ರೆಪ್ಸ್ ಬರೆದುಕೊಂಡರೆ ಬಹಳ ಒಳ್ಳೆಯದು.

ಸರ್ಟಿಫಿಕೇಟ್ ಎಷ್ಟು ಮುಖ್ಯ?

ಭಾರತದಲ್ಲಿ ಡಾಕ್ಟರಿಗೆ, ವಕೀಲರಿಗೆ ಇರುವಂಥ ಕಡ್ಡಾಯ ಪರವಾನಗಿ ಟ್ರೇನರ್‌ಗಳಿಗೆ ಇಲ್ಲ. ದೊಡ್ಡ ತೋಳು ಇದ್ದವರೆಲ್ಲ ಟ್ರೇನರ್ ಆಗಬಹುದು, ಅದಕ್ಕೇ ಕಾಗದ ಕೇಳುವುದು ತಪ್ಪಲ್ಲ. ಎಸಿಇ, ಎನ್‌ಎಎಸ್‌ಎಂ, ಎಸಿಎಸ್‌ಎಂ, ಎನ್‌ಎಸ್‌ಸಿಎ ಎಂಬ ಅಮೆರಿಕದ ಸಂಸ್ಥೆಗಳ ಹೆಸರು ಕಂಡರೆ ಸಾಮಾನ್ಯವಾಗಿ ಸರಿಯಾದ ಪರೀಕ್ಷೆ ಪಾಸಾಗಿದ್ದಾರೆ ಎಂದರ್ಥ. ಇವುಗಳಿಗೆ ಅವಧಿ ಇರುತ್ತದೆ. ಎಸಿಇ, ಎನ್‌ಎಎಸ್‌ಎಂ ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು; ಗೋಡೆಗೆ ತೂಗುಹಾಕಿದ ಕಾಗದದ ತಾರೀಖು ಓದಿ. ಎರಡು ದಿನದ ವರ್ಕ್‌ಶಾಪ್‌ನ ಭಾಗವಹಿಸುವಿಕೆ ಪತ್ರ ಸರ್ಟಿಫಿಕೇಟ್ ಅಲ್ಲ. ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ ಮಾಡುವ ತುರ್ತು ಉಪಚಾರ) ತರಬೇತಿ ಆಗಿದೆಯೇ ಎಂದು ತಪ್ಪದೆ ಕೇಳಿ. ಕಾಗದ ಎಷ್ಟೇ ಇದ್ದರೂ ಮೇಲೆ ಹೇಳಿದ ಟ್ರಯಲ್ ಬಿಡಬೇಡಿ.

ಮೊದಲ ದಿನವೇ ಏಳಲಾಗದಷ್ಟು ಮೈಕೈ ನೋವು ಬಂದರೆ ಟ್ರೇನರ್ ಒಳ್ಳೆಯವರಾ?

ಇಲ್ಲ. ಹೊಸ ವ್ಯಾಯಾಮ ಮಾಡಿದ ಒಂದೆರಡು ದಿನಕ್ಕೆ ನೋವು ಏರಿ, ಮೂರು ನಾಲ್ಕು ದಿನದಲ್ಲಿ ಇಳಿಯುವುದು ಸಹಜ. ನೋವಿನ ಪ್ರಮಾಣಕ್ಕೂ ಲಾಭಕ್ಕೂ ಸಂಬಂಧವಿಲ್ಲ. ಹೊಸಬರಿಗೆ ಮೊದಲ ವಾರ ಪ್ರತಿ ವ್ಯಾಯಾಮಕ್ಕೆ ಎರಡು ಸೆಟ್ ಸಾಕು. ಸೆಟ್ ಮುಗಿದಾಗ "ಇನ್ನೂ ಮೂರು ಮಾಡಬಹುದಿತ್ತು" ಅನ್ನಿಸಬೇಕು.

ಅಪಾಯದ ಗುರುತು ಒಂದಿದೆ, ಇದನ್ನು ಎಲ್ಲರೂ ನೆನಪಿಡಬೇಕು. ಅತಿಯಾಗಿ ಮಾಡಿಸಿದ ಮೇಲಿನ ಒಂದರಿಂದ ಮೂರು ದಿನದಲ್ಲಿ ಸ್ನಾಯು ಊದಿಕೊಂಡು, ಕೈ ಮಡಿಸಲಾಗದೆ, ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ ಅದು ಬರೀ ಮೈಕೈ ನೋವಲ್ಲ. ಒಡೆದ ಸ್ನಾಯುವಿನ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹೊಡೆತ ಕೊಡುತ್ತಿರಬಹುದು, ಇದಕ್ಕೆ ರಾಬ್ಡೊಮಯೊಲೈಸಿಸ್ ಅನ್ನುತ್ತಾರೆ. ನೋವಿನ ಮಾತ್ರೆ ನುಂಗಿ ಮಲಗಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಬಹಳ ದಿನ ಬಿಟ್ಟು ಬಂದು ಮೊದಲ ದಿನವೇ ಹಳೆಯ ಲೆಕ್ಕದಲ್ಲಿ ಎತ್ತುವವರಿಗೂ ಇದು ಆಗುತ್ತದೆ.

ಬಿಪಿ, ಶುಗರ್ ಇದೆ. ಜಿಮ್‌ಗೆ ಹೋಗಬಹುದಾ?

ಹೋಗಬಹುದು, ಹೋಗಬೇಕು ಕೂಡ. ವೈದ್ಯರಿಗೆ ತೋರಿಸಿ, ಏನು ಮಾಡಲಿದ್ದೀರಿ ಎಂದು ಹೇಳಿಯೇ ಹೋಗಿ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಹೃದಯ ತಪಾಸಣೆಗೆ ಜನ ಸಾಲುಗಟ್ಟಿದರು, ಎಷ್ಟೋ ಮಂದಿ ಜಿಮ್ ಎಂದರೆ ಹೆದರಿದರು. ಹೆದರಿ ಕೂರುವುದರಿಂದ ಹೃದಯಕ್ಕೆ ಒಳ್ಳೆಯದಾಗುವುದಿಲ್ಲ. ತಪಾಸಣೆ ಮಾಡಿಸಿಕೊಂಡು ನಿಧಾನವಾಗಿ ಏರುವುದರಿಂದ ಆಗುತ್ತದೆ. ಎದೆ ಬಿಗಿತ, ಎಡಗೈಗೋ ದವಡೆಗೋ ಹರಿಯುವ ನೋವು, ತಲೆ ಸುತ್ತು, ಎಂದಿನಂತಲ್ಲದ ಉಸಿರುಕಟ್ಟು ಕಂಡರೆ ಸೆಟ್ ಮುಗಿಸುವುದಕ್ಕೂ ಕಾಯಬೇಡಿ.

ಇಂಥವರಿಗೆ ಟ್ರೇನರ್ ಬೇಕೆಂದರೆ ಆ ಟ್ರೇನರ್‌ಗೆ ಈ ಮೂರು ವಿಷಯ ಗೊತ್ತಿರಬೇಕು. ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಬಿಪಿ ಮಾತ್ರೆ ನಾಡಿಬಡಿತ ಏರದಂತೆ ತಡೆಯುತ್ತದೆ. ವಾಚ್ ತೋರಿಸುವ ಬಡಿತ ನಂಬಿ "ಇನ್ನೂ ಜೋರಾಗಿ" ಅನ್ನಬಾರದು. ಮಾತಾಡುವಷ್ಟು ಉಸಿರು ಉಳಿದಿದೆಯೇ ಎಂಬುದೇ ಅಳತೆ. ಎರಡನೆಯದು, ಉಸಿರು ಬಿಗಿಹಿಡಿದು ಎತ್ತಿದರೆ ಬಿಪಿ ದಿಢೀರ್ ಏರುತ್ತದೆ. ಎತ್ತುವಾಗ ಉಸಿರು ಬಿಡಬೇಕು. ಮೂರನೆಯದು, ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ತೆಗೆದುಕೊಳ್ಳುವವರಿಗೆ ವ್ಯಾಯಾಮದ ನಡುವೆ ಶುಗರ್ ತೀರಾ ಕೆಳಗಿಳಿಯಬಹುದು. ಶುರುಮಾಡುವ ಮುಂಚೆ 90ಕ್ಕಿಂತ ಕಡಿಮೆ ಇದ್ದರೆ ಒಂದು ಬಾಳೆಹಣ್ಣು ತಿಂದು ಸ್ವಲ್ಪ ಕಾಯಬೇಕು, ಜೇಬಲ್ಲಿ ಗ್ಲೂಕೋಸ್ ಇರಬೇಕು. ಅವತ್ತು ಬಿಪಿ 180/110 ದಾಟಿದ್ದರೆ ವೇಟ್ ಮುಟ್ಟಬೇಡಿ, ವೈದ್ಯರಿಗೆ ಫೋನ್ ಮಾಡಿ.

ಟ್ರೇನರ್ ಕೊಟ್ಟ ಡಯಟ್ ಚಾರ್ಟ್, ಪೌಡರ್ ನಂಬಬಹುದಾ?

ಮುದ್ದೆ ಬಿಡಿ, ಅನ್ನ ಬಿಡಿ, ಬ್ರೊಕೊಲಿ ತಿನ್ನಿ ಎಂಬ ಚಾರ್ಟ್ ಎಲ್ಲರಿಗೂ ಒಂದೇ ಕಾಪಿ ಆಗಿರುತ್ತದೆ. ಮುದ್ದೆಯಲ್ಲಿ ತಪ್ಪೇನೂ ಇಲ್ಲ, ಅದರ ಪಕ್ಕದಲ್ಲಿ ಪ್ರೋಟೀನ್ ಸಾಲದಿರುವುದು ತೊಂದರೆ. ವೇಟ್ ಎತ್ತುವವರಿಗೆ ದೇಹತೂಕದ ಪ್ರತಿ ಕೆಜಿಗೆ 1.2ರಿಂದ 1.6 ಗ್ರಾಂ ಪ್ರೋಟೀನ್ ಬೇಕು. 65 ಕೆಜಿ ಇರುವವರಿಗೆ ದಿನಕ್ಕೆ 78ರಿಂದ 104 ಗ್ರಾಂ. ಸಸ್ಯಾಹಾರದಲ್ಲೇ ಲೆಕ್ಕ ಹಾಕಿ: ಹಾಲು ಮೊಸರು ಸೇರಿ ಅರ್ಧ ಲೀಟರ್‌ನಿಂದ 16 ಗ್ರಾಂ, ಒಣ ತೂಕದಲ್ಲಿ 60 ಗ್ರಾಂ ಬೇಳೆ ಅಥವಾ ಹುರುಳಿಕಾಳಿನಿಂದ 13, 50 ಗ್ರಾಂ ಸೋಯಾ ಚಂಕ್ಸ್‌ನಿಂದ ಸುಮಾರು 26, ಒಂದು ಹಿಡಿ ಕಡಲೆಕಾಯಿಂದ 7, ದಿನದ ರಾಗಿ-ಅಕ್ಕಿ-ಗೋಧಿಯಿಂದ 20ರ ಆಸುಪಾಸು. 80 ದಾಟಿತು. ಮೊಟ್ಟೆ ತಿನ್ನುವವರಿಗೆ ಒಂದಕ್ಕೆ 6 ಗ್ರಾಂ.

ಇಷ್ಟು ಆಗದವರಿಗೆ ಹಾಲಿನಿಂದ ತೆಗೆದ ವೇ ಪ್ರೋಟೀನ್ ಪುಡಿ ಒಂದು ಅನುಕೂಲ, ಒಂದು ಸ್ಕೂಪ್‌ಗೆ ಹೆಚ್ಚುಕಡಿಮೆ 24 ಗ್ರಾಂ. ಡಬ್ಬದ ಮೇಲೆ ಆಹಾರ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ಸಂಖ್ಯೆ ಇದೆಯೇ ನೋಡಿ. ಟ್ರೇನರ್ ತಾವೇ ಮಾರುತ್ತಿದ್ದರೆ ಅದರಲ್ಲಿ ಕಮಿಷನ್ ಇರುತ್ತದೆಂದು ತಿಳಿದೇ ಬೆಲೆ ಹೋಲಿಸಿ. ತೂಕ ಏರಿಸಲು ಮಾರುವ ಮಾಸ್ ಗೇನರ್ ಡಬ್ಬದಲ್ಲಿ ಬಹುಪಾಲು ಇರುವುದು ಪಿಷ್ಟ, ಸಕ್ಕರೆ. ಅಷ್ಟು ದುಡ್ಡು ಬೇಡ.

ಇಂಜೆಕ್ಷನ್, "ಸೈಕಲ್" (ಕೆಲವು ವಾರ ಸ್ಟೆರಾಯ್ಡ್ ತೆಗೆದುಕೊಳ್ಳುವ ಸುತ್ತು), ಹೆಸರಿಲ್ಲದ ಮಾತ್ರೆ, ನೀರು ಇಳಿಸುವ ಗುಳಿಗೆ, ಇವುಗಳ ಮಾತೆತ್ತಿದ ಟ್ರೇನರ್‌ನನ್ನು ಅವತ್ತೇ ಬಿಡಿ. ಹೃದಯ, ಪಿತ್ತಜನಕಾಂಗ, ಸಂತಾನಶಕ್ತಿ ಮೂರಕ್ಕೂ ಏಟು ಬೀಳುತ್ತದೆ. ಇಪ್ಪತ್ತರ ಹುಡುಗರ ಮನೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಲೇಡಿ ಟ್ರೇನರ್ ಇಲ್ಲ. ಏನು ಮಾಡಲಿ?

ಮುಟ್ಟದೆಯೂ ಕಲಿಸಬಹುದು. ಬಾಯಲ್ಲಿ ಹೇಳಿ, ಮಾಡಿ ತೋರಿಸಿ, ನಿಮ್ಮ ಫೋನಿನಲ್ಲೇ ವಿಡಿಯೋ ಹಿಡಿದು ತಿದ್ದಬಹುದು. ಮುಟ್ಟಲೇಬೇಕಾದರೆ ಮೊದಲು ಕೇಳಬೇಕು. ಇದನ್ನು ಮೊದಲ ದಿನ ನೀವೇ ನೇರವಾಗಿ ಹೇಳಿ, ಸಂಕೋಚ ಬೇಡ. ಹೆರಿಗೆಯಾದವರು ವೈದ್ಯರ ಒಪ್ಪಿಗೆ ಪಡೆದು ಬನ್ನಿ; ಕೆಮ್ಮುವಾಗ, ಹಾರುವಾಗ ಮೂತ್ರ ಸೋರುತ್ತಿದ್ದರೆ ಜಿಮ್‌ಗಿಂತ ಮೊದಲು ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ವೇಟ್ ಎತ್ತಿದರೆ ಗಂಡಸರ ಮೈ ಬರುತ್ತದೆ ಎಂಬುದು ನಿಜವಲ್ಲ.

ಟ್ರೇನರ್ ಇಲ್ಲದೆ ಶುರುಮಾಡುವುದು ಹೇಗೆ?

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಎದೆಯ ಮುಂದೆ ಒಂದೇ ಡಂಬಲ್ ಹಿಡಿದು ಸ್ಕ್ವಾಟ್, ಡಂಬಲ್ ಹಿಡಿದು ಸೊಂಟದಿಂದ ಬಾಗುವುದು, ಬೆಂಚ್‌ಗೆ ಕೈ ಊರಿ ಪುಶ್‌ಅಪ್, ಲ್ಯಾಟ್ ಪುಲ್‌ಡೌನ್ (ತಲೆಯ ಮೇಲಿನ ಸರಳನ್ನು ಎದೆಯತ್ತ ಎಳೆಯುವುದು), ಕೂತು ಎಳೆಯುವ ಕೇಬಲ್ ರೋ. ಪ್ರತಿಯೊಂದು 8ರಿಂದ 12 ರೆಪ್, ಮೊದಲ ವಾರ ಎರಡು, ಆಮೇಲೆ ಮೂರು ಸೆಟ್, ಸೆಟ್‌ಗಳ ನಡುವೆ ಎರಡು ನಿಮಿಷ. ಪಕ್ಕದಿಂದ ವಿಡಿಯೋ ಹಿಡಿದು ನೋಡಿಕೊಳ್ಳಿ. ಪಾರ್ಕ್‌ಗಳ ಓಪನ್ ಜಿಮ್ ಮೈ ಸಡಿಲಿಸಲು ಚೆನ್ನ, ಆದರೆ ಅಲ್ಲಿನ ಹೆಚ್ಚಿನ ಉಪಕರಣಗಳಲ್ಲಿ ಭಾರ ಏರಿಸಲು ದಾರಿಯಿಲ್ಲ, ಎರಡು ತಿಂಗಳಿಗೆ ಅಲ್ಲೇ ನಿಂತುಬಿಡುತ್ತೀರಿ.

ದುಡ್ಡಿಗೆ ತಕ್ಕ ಫಲ ಬರುತ್ತಿದೆಯಾ ಎಂದು ತಿಳಿಯುವುದು ಹೇಗೆ?

ಎಂಟನೇ ವಾರ ಲೆಕ್ಕದ ಪುಸ್ತಕ ತೆಗೆಯಿರಿ. ಮೊದಲ ವಾರದ ಸಾಲಿಗಿಂತ ಈ ವಾರದ ಸಾಲಿನಲ್ಲಿ ವೇಟ್ ಅಥವಾ ರೆಪ್ ಜಾಸ್ತಿ ಇರಬೇಕು, ನೋವು ಜಾಸ್ತಿ ಆಗಿರಬಾರದು. ಬರೆಯುವಾಗ ಯಂತ್ರದ ಹೆಸರೂ ಇರಲಿ: ಎರಡು ಕೇಬಲ್ ಯಂತ್ರದಲ್ಲಿ 30 ಎಂದಿದ್ದರೂ ರಾಟೆಯ ಜೋಡಣೆ ಬೇರೆಯಿದ್ದರೆ ಕೈಗೆ ಬರುವ ಭಾರ ಬೇರೆ. ಬಾರ್ ಕೂಡ ಎಲ್ಲ ಕಡೆ 20 ಕೆಜಿ ಇರುವುದಿಲ್ಲ, ತೂಗಿ ನೋಡಿ.

ತೂಕ ಇಳಿಸುವವರು ಟೇಪ್ ಬಳಸಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಉಸಿರು ಬಿಟ್ಟು, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಅಳೆಯಿರಿ. ನಮ್ಮವರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಅಪಾಯ. ವಾರಕ್ಕೆ ಅರ್ಧ ಕೆಜಿ ಇಳಿದರೆ ಚೆನ್ನಾಗಿ ನಡೆಯುತ್ತಿದೆ. ಮೊದಲ ವಾರ ದಿಢೀರ್ ಇಳಿದ ಎರಡು ಕೆಜಿ ಬಹುಪಾಲು ನೀರು. ಜಿಮ್‌ನ ಕೊಬ್ಬು ಅಳೆಯುವ ಯಂತ್ರ ಕುಡಿದ ನೀರಿಗೂ ಅಂಕಿ ಬದಲಿಸುತ್ತದೆ, ಅದರ ಒಂದೇ ಚೀಟಿ ನೋಡಿ ಪ್ಯಾಕೇಜ್ ಕಟ್ಟಬೇಡಿ.

ಮಧ್ಯದಲ್ಲಿ ಟ್ರೇನರ್ ಕೆಲಸ ಬಿಟ್ಟರೆ, ಉಳಿದ ಸೆಷನ್ನಿನ ದುಡ್ಡು?

ಟ್ರೇನರ್‌ಗಳು ಜಿಮ್ ಬದಲಿಸುವುದು ಮಾಮೂಲು, ಹಾಗಾಗಿ ಒಂದೇ ಸಲ ಆರು ತಿಂಗಳಿಗೆ ಕಟ್ಟಬೇಡಿ. ಕಟ್ಟುವ ಮುಂಚೆ ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ: ಟ್ರೇನರ್ ಹೆಸರು, ಸೆಷನ್ ಸಂಖ್ಯೆ, ಕೊನೆಯ ತಾರೀಖು, ಟ್ರೇನರ್ ಬದಲಾದರೆ ಉಳಿದ ಹಣ ವಾಪಸ್ಸೋ ಬೇರೆಯವರೋ. ಪ್ರತಿ ಸೆಷನ್ ಆದ ಮೇಲೆ ಸಹಿ ಹಾಕುವ ಕಾರ್ಡ್‌ನ ಫೋಟೋ ನಿಮ್ಮಲ್ಲಿರಲಿ. "ಕಟ್ಟಿದ ಹಣ ವಾಪಸ್ಸಿಲ್ಲ" ಎಂದು ರಸೀದಿಯಲ್ಲಿ ಅಚ್ಚಾಗಿದ್ದ ಮಾತ್ರಕ್ಕೆ, ಕೊಡದ ಸೇವೆಯ ಹಣ ಕೇಳುವ ಹಕ್ಕು ಹೋಗುವುದಿಲ್ಲ. ಮೊದಲು ಮ್ಯಾನೇಜರ್‌ಗೆ ಇಮೇಲ್ ಮಾಡಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದೂ ಇಲ್ಲ. ರಸೀದಿ, ಸಹಿ ಕಾರ್ಡ್‌ನ ಫೋಟೋ, ಆ ವಾಟ್ಸಾಪ್ ಮಾತುಕತೆ ಮೂರನ್ನೂ ಪ್ರಿಂಟ್ ತೆಗೆದು ದೂರಿನ ಜೊತೆ ಲಗತ್ತಿಸಿ.